ಲಟಕ್ ಅಂದ ಮೇಲೆ

ನಮಸ್ಕಾರ. ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅಡಿಕೆ ಸುಲಿಯುತ್ತಿದ್ದ ಅಜ್ಜ ಜಗಲಿಯಲ್ಲೇ ಕುಸಿಯುತ್ತಾನೆ. ಮೊಮ್ಮಗ 108ಕ್ಕೆ ಫೋನ್ ಮಾಡಿಸಿ ಎದೆ ಒತ್ತತೊಡಗುತ್ತಾನೆ. ಲಟಕ್ ಅನ್ನುತ್ತದೆ. ಹೆದರಿ ಕೈ ತೆಗೆಯುತ್ತಾನೆ. ಇಲ್ಲಿಯವರೆಗೆ ಒಂದು ಪದವೂ ಜಾಸ್ತಿ ಇಲ್ಲ. ಆಮೇಲೆ ನಿರೂಪಕ ಬಂದು 'ಮುರಿದ ಎಲುಬು ಅಜ್ಜನ ಜೀವ ತೆಗೆಯಿತು' ಅನ್ನುತ್ತಾನೆ. ನನ್ನ ತಕರಾರು ಈ ಒಂದು ಸಾಲಿನ ಮೇಲೆ.

ಅಜ್ಜನಿಗೆ ಆಗಲೇ ಉಸಿರಿರಲಿಲ್ಲ ಎಂದು ನೀವೇ ಬರೆದಿದ್ದೀರಿ, ಅಲ್ವಾ? ಅಂದರೆ ಹೃದಯ ಮೊದಲೇ ನಿಂತಿತ್ತು. ದೊಡ್ಡವರಿಗೆ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ರಕ್ತ ಹರಿಸುವ ಪ್ರಥಮ ಚಿಕಿತ್ಸೆ) ಮಾಡುವಾಗ ಎದೆ ಕನಿಷ್ಠ 5 ಸೆಂಟಿಮೀಟರ್ ತಗ್ಗಬೇಕು, ಅದೂ ನಿಮಿಷಕ್ಕೆ 100ರಿಂದ 120 ಸಲ. ಮೆಲ್ಲಗೆ ಒತ್ತಿದರೆ ರಕ್ತ ಮಿದುಳಿನವರೆಗೆ ಹೋಗುವುದಿಲ್ಲ. ವಯಸ್ಸಾದವರ ಎಲುಬು ಅಷ್ಟು ಬಾಗುವುದಿಲ್ಲ. ಹಾಗಾಗಿ ಸರಿಯಾಗಿ ಒತ್ತಿದರೂ ಎಷ್ಟೋ ಸಲ ಪಕ್ಕೆಲುಬು ಮುರಿಯುತ್ತದೆ, ಎದೆಯ ನಡುಮೂಳೆ ಬಿರುಕು ಬಿಡುತ್ತದೆ. ಪಳಗಿದ ಡಾಕ್ಟರು, ನರ್ಸುಗಳ ಕೈಯಲ್ಲೂ ಇದು ಆಗುತ್ತದೆ. ಬದುಕಿ ಬಂದವರಿಗೆ ವಾರಗಟ್ಟಲೆ ಕೆಮ್ಮಿದರೂ ನೋವು, ನಕ್ಕರೂ ನೋವು. ಆದರೆ ಮೂಳೆ ಕೂಡಿಕೊಳ್ಳುತ್ತದೆ. ಅಪರೂಪಕ್ಕೆ ಮುರಿದ ತುದಿ ಶ್ವಾಸಕೋಶಕ್ಕೆ ಚುಚ್ಚುವುದುಂಟು. ಕೈ ತೀರಾ ಕೆಳಗೆ ಬಿದ್ದರೆ ಲಿವರ್‌ಗೆ ಪೆಟ್ಟಾಗುವುದೂ ಉಂಟು. ಅದನ್ನು ನೀವು ಮುಚ್ಚಿಡಬೇಕಿಲ್ಲ. ರಕ್ತ ಸಿಗದ ಮಿದುಳು ಮಾತ್ರ ಕೆಲವೇ ನಿಮಿಷಗಳಲ್ಲಿ ಹಾಳಾಗತೊಡಗುತ್ತದೆ, ಮೂಳೆಯಂತೆ ಕೂಡಿಕೊಳ್ಳುವುದಿಲ್ಲ.

ಹಾಗಾದರೆ ಮೊಮ್ಮಗ ಕೈ ತೆಗೆದ ಆ ಗಳಿಗೆಯಲ್ಲೇ ನಿಮ್ಮ ಕತೆ ಇದೆ. ಒತ್ತುತ್ತಲೇ ಇದ್ದಿದ್ದರೆ ಅಜ್ಜ ಉಳಿಯುತ್ತಿದ್ದನೋ ಇಲ್ಲವೋ, ಯಾರೂ ಹೇಳಲಾರರು. ಅವನು ಜೀವನಪೂರ್ತಿ ಆ ಪ್ರಶ್ನೆ ಹೊತ್ತು ತಿರುಗಲಿ. ಊರವರು ಅವನನ್ನು ಕೊಲೆಗಾರ ಅನ್ನಲಿ, ಅವನೂ ನಂಬಲಿ. ನಿರೂಪಕ ನಂಬಬಾರದು. ನಾಳೆ ಓದುಗರ ಮನೆಯಲ್ಲಿ ಯಾರೋ ಕುಸಿದಾಗ, ನಿಮ್ಮ ಸಾಲು ನೆನಪಾಗಿ ಅವರ ಕೈ ಹಿಂದೆ ಸರಿದರೆ? ನನಗೆ ಭಯವಾಗುವುದು ಅದಕ್ಕೇ.

ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು 'ನಾಲ್ಕು ಎಲುಬು ಮುರಿದಿದೆ' ಎಂದಷ್ಟೇ ಹೇಳಿ ಹೊರಟುಹೋಗುತ್ತಾರೆ. ಅಜ್ಜ ಸತ್ತದ್ದು ಅದರಿಂದಲ್ಲ ಎಂಬ ಇನ್ನೊಂದು ಮಾತನ್ನು ಅವರಿಗೆ ಕೊಡಿ. ಮೊಮ್ಮಗನಿಗೆ ಆಗ ಅದು ಕಿವಿಗೆ ಬೀಳದಿದ್ದರೂ ಪರವಾಗಿಲ್ಲ.

ಮೊದಲ ಪುಟದ ಮಳೆಯ ವರ್ಣನೆ ಸುಮ್ನೆ ಎಳೆದಾಡುತ್ತದೆ, ತೆಗೆದುಬಿಡಿ. ಸಾಧ್ಯವಾದರೆ ಒಮ್ಮೆ ತರಬೇತಿಗೆ ಹೋಗಿ ಗೊಂಬೆಯ ಎದೆ ಒತ್ತಿ ನೋಡಿ. ಎರಡು ನಿಮಿಷಕ್ಕೆ ತೋಳು ಸೋತುಹೋಗುತ್ತದೆ. ಆ ದಣಿವು ಕತೆಯಲ್ಲಿ ಎಲ್ಲೂ ಇಲ್ಲ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ಬಂದ ದಿನವೇ ಓದುತ್ತೇನೆ.