ಗುಂಡನ ಪಟ್ಟಿ ತೊಳೆಯಬೇಡಿ

ಪ್ರಶ್ನೆ: ನಮ್ಮ ಗುಂಡ ಹೋಗಿ ಎರಡು ತಿಂಗಳಾಯಿತು. ಬೀದಿ ನಾಯಿಯೇ, ಆದರೆ ಹನ್ನೊಂದು ವರ್ಷ ನಮ್ಮ ಮನೆಯಲ್ಲೇ ಇದ್ದ. ಬೇಸಿಗೆಯಲ್ಲಿ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಹೊಟ್ಟೆ ಚಾಚಿ ಮಲಗುತ್ತಿದ್ದ. ಅವನ ಚರ್ಮದ ಪಟ್ಟಿ ಮತ್ತು ಬಾಚಣಿಗೆಯಲ್ಲಿ ಸಿಕ್ಕಿದ ಒಂದು ಹಿಡಿ ಕೂದಲು ಇದೆ. ಬೀದರ್‌ನ ಬಿದ್ರಿ ಲೋಹದಲ್ಲಿ ಆ ಕೂದಲು ಸೇರಿಸಿ ಏನಾದರೂ ಎರಕ ಹೊಯ್ಸಬಹುದಾ? ನಾಯಿಗೆ ನೆನಪಿನ ವಸ್ತು ಅಂದರೆ ಜನ ನಗುತ್ತಾರೆ ಅಂತ ಮನೆಯವರು ಅನ್ನುತ್ತಾರೆ.
– ಓದುಗರೊಬ್ಬರು, ಕಲಬುರಗಿ

ಉತ್ತರ: ಮೊದಲು ಪಟ್ಟಿಯ ವಿಷಯ. ಅದನ್ನು ತೊಳೆಯಬೇಡಿ. ನಮ್ಮ ಮನೆಯ ಚಿನ್ನು ತೀರಿಕೊಂಡ ವಾರ ನಾನು ಮಾಡಿದ ದೊಡ್ಡ ದಡ್ಡತನ ಅದೇ. ಧೂಳು ಮೆತ್ತಿಕೊಂಡಿದೆ ಅಂತ ಅದರ ಬಟ್ಟೆ ಪಟ್ಟಿಯನ್ನು ಸೋಪಿನ ಪುಡಿಯಲ್ಲಿ ನೆನೆಹಾಕಿ, ಬ್ರಶ್ ಹಾಕಿ ಉಜ್ಜಿ, ಮಾಳಿಗೆ ಮೇಲೆ ಒಣಗಿಸಿ, ಮೂಗಿಗೆ ಹಿಡಿದು ನೋಡಿದೆ. ನಿಂಬೆಹಣ್ಣಿನ ಸೋಪು! ಚಿನ್ನು ಅದರಲ್ಲಿ ಎಲ್ಲೂ ಇರಲಿಲ್ಲ. ನೀವು ಒಣ ಬಟ್ಟೆಯಲ್ಲಿ ಮೇಲಿನ ಧೂಳು ಒರೆಸಿ, ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಡ, ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಬರುತ್ತದೆ. ನುಸಿ ಗುಳಿಗೆಯೂ ಬೇಡ, ಅದರ ಘಾಟು ಉಳಿದ ವಾಸನೆಯನ್ನೆಲ್ಲ ನುಂಗಿಬಿಡುತ್ತದೆ.

ಕೂದಲನ್ನು ಎರಕದಲ್ಲಿ ಸೇರಿಸುವುದು ಆಗದ ಮಾತು. ಬಿದ್ರಿ ಲೋಹದಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಸತು ಕರಗುವುದಕ್ಕೇ ಸುಮಾರು 420 ಡಿಗ್ರಿ ಬೇಕು, ಗುಂಡನ ಕೂದಲು ಅದಕ್ಕೆ ಎಷ್ಟೋ ಮೊದಲೇ ಸುಟ್ಟು ಹೊಗೆಯಾಗಿರುತ್ತದೆ. ಬದಲಿಗೆ ಮುಚ್ಚಳ ಇರುವ ಒಂದು ಪುಟ್ಟ ಬಿದ್ರಿ ಡಬ್ಬಿ ಮಾಡಿಸಿ, ಕೂದಲು ಅದರೊಳಗಿರಲಿ. ಮುಚ್ಚಳದ ಮೇಲೆ ಅವನ ಹೆಜ್ಜೆ ಗುರುತು ಬರುವಂತೆ ಹೇಳಿ. ಹೆಜ್ಜೆಯ ಅಚ್ಚು ತೆಗೆದಿಟ್ಟಿಲ್ಲ ಅಲ್ವಾ? ಮನೆಯಲ್ಲಿ ಹುಡುಕಿ. ಸಿಮೆಂಟು ಹಾಕಿದಾಗ ಅವನು ತುಳಿದ ಜಾಗ ಇಲ್ಲದ ಅಂಗಳ ಕಡಿಮೆ! ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ನಕ್ಷೆ ಸಿಗುತ್ತದೆ.

ಆ ಕಾಗದ ಹಿಡಿದು ಬೀದರ್‌ಗೆ ಹೋಗಿ. 2017ರಿಂದ ಕಲಬುರಗಿಯಿಂದ ನೇರ ರೈಲೂ ಇದೆ. ಸಾಧ್ಯವಾದರೆ ಮಾಡುವವರ ಪಕ್ಕದಲ್ಲೇ ಒಂದು ಗಂಟೆ ಕುಳಿತು ನೋಡಿ, ಅದು ಮರೆಯುವಂಥದ್ದಲ್ಲ. ಎರಕವನ್ನು ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ಸ್ವಲ್ಪ ಕಪ್ಪು ಮಾಡಿಕೊಳ್ಳುತ್ತಾರೆ, ಗೀಚಿದ ಗೆರೆ ಕಾಣಲಿ ಅಂತ. ಆಮೇಲೆ ಉಳಿಯಿಂದ ಗೆರೆ ಕೊರೆದು ಅದರಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿನ ಆಟ. ಬಿಸಿಲು ಮಳೆ ಬೀಳದ ಜಾಗದ ಹಳೇ ಮಣ್ಣು, ಅದಕ್ಕೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಬಿಸಿ ಮಾಡಿದ ದ್ರಾವಣ. ಸರಿಯಾದ ಮಣ್ಣು ಯಾವುದು ಅಂತ ನಾಲಿಗೆಗೆ ಹಚ್ಚಿ ನೋಡುವವರೂ ಇದ್ದಾರೆ. ಅದು ತಾಗಿದರೆ ಲೋಹ ಅಚ್ಚ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಕಪ್ಪು ಮುಚ್ಚಳದ ಮೇಲೆ ಗುಂಡನ ನಾಲ್ಕು ಬೆರಳು, ಒಂದು ಅಂಗಾಲು, ಬೆಳ್ಳಗೆ. ತಂದ ಮೇಲೆ ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ, ಕಪ್ಪು ಹೋಗುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ, ಮೆತ್ತನೆ ಬಟ್ಟೆ, ಅಷ್ಟು ಸಾಕು.

ದುಡ್ಡು ಜಾಸ್ತಿ ಆಯ್ತು ಅನಿಸಿದರೆ ಅವನು ಮಲಗುತ್ತಿದ್ದ ಕಲ್ಲೇ ಇದೆಯಲ್ಲ! ಮುಂದೆಂದಾದರೂ ಮನೆಗೆ ಟೈಲ್ಸ್ ಹಾಕಿಸುವಾಗ ಆ ಒಂದು ಹಾಸುಗಲ್ಲು ಬೇರೆ ಎತ್ತಿಸಿಡಿ. ಮನೆ ಹೆಸರು ಕೊರೆಯುವವರ ಹತ್ತಿರ 'ಗುಂಡ' ಅಂತ ಎರಡಕ್ಷರ ಕೊರೆಸಿ ಗಿಡದ ಬುಡದಲ್ಲಿ ನಿಲ್ಲಿಸಬಹುದು. ಆಳವಾಗಿ ಕೊರೆಯಬೇಡಿ ಅಂತ ಹೇಳಿ, ಶಹಾಬಾದ್ ಕಲ್ಲು ಪದರು ಪದರಾಗಿ ಏಳುತ್ತದೆ. ಸುಮ್ನೆ ಆನ್‌ಲೈನ್‌ನಲ್ಲಿ ಸಿಗುವ, ಹೆಸರು ಮಾತ್ರ ಬದಲಾಗುವ ಲಾಕೆಟ್‌ಗಿಂತ ಇದು ನನಗೆ ಎಷ್ಟೋ ಮೇಲು. ಅದನ್ನು ಗುಂಡ ಮುಟ್ಟಿಯೇ ಇಲ್ಲ.

ಇನ್ನು ಮನೆಯವರಿಗೆ ಒಂದು ಕಥೆ ಹೇಳಿ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ಆಗ ಮಾನ್ಯಖೇಟ, ರಾಷ್ಟ್ರಕೂಟ ಮೂರನೇ ಕೃಷ್ಣನ ರಾಜಧಾನಿ. ಅವನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದಾಗ ಜೊತೆಗಿದ್ದವನು ಗಂಗರ ಬೂತುಗ. ಬೂತುಗನ ಕಡೆಯ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂದರೆ ಅವನು ಊರು, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ಅದರ ನೆನಪಿಗೆ ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ. ಶಕ 872, ಅಂದರೆ ಕ್ರಿ.ಶ. 949-50ರ ಶಾಸನ ಅದು. ನಾಯಿ, ಹಂದಿ ಕಾದಾಡುವ ಚಿತ್ರವೂ ಇದೆ. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಶಿವನ ಗುಡಿಯ ಪೂಜಾರಿ, ಉಣ್ಣಬಾರದು ಅಂತಲೂ ಬರೆಸಿದ್ದಾನೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯಾರೂ ನಗುವುದಿಲ್ಲ, ಟಿಕೆಟ್ ತಗೊಂಡು ನೋಡುತ್ತಾರೆ.

ಪ್ರಶ್ನೆ: ನಮ್ಮ ಬೆಕ್ಕಿಗೆ ಹದಿನಾಲ್ಕು ವರ್ಷ. ಇನ್ನೂ ಇದೆ, ಆದರೆ ತುಂಬಾ ಸೊರಗಿದೆ. ಈಗಲೇ ಹೆಜ್ಜೆ ಅಚ್ಚು ತೆಗೆಯುವುದು ಅಪಶಕುನವಾ?
– ಓದುಗರೊಬ್ಬರು, ಬೀದರ್

ಉತ್ತರ: ಏನೂ ಅಪಶಕುನ ಅಲ್ಲ. ಮಕ್ಕಳ ಕೈ ಅಚ್ಚು ತೆಗೆಸುವಾಗ ಹಾಗೆ ಅನ್ನುತ್ತೇವಾ? ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಒಂದು ಬಟ್ಟಲಿಗೆ ಸ್ವಲ್ಪ ಕಮ್ಮಿ ನೀರು, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಬೆರಳು ದಪ್ಪ ತಟ್ಟಿ, ಬೆಕ್ಕು ತೂಕಡಿಸುವಾಗ ಪಾದ ಒತ್ತಿ ತೆಗೆಯಿರಿ. ಕೂಡಲೇ ಪಾದ ಒರೆಸಿ, ಹಿಟ್ಟನ್ನು ಎತ್ತಿಡಿ, ಅಷ್ಟು ಉಪ್ಪು ಹೊಟ್ಟೆಗೆ ಹೋದರೆ ಬೆಕ್ಕಿಗೂ ನಾಯಿಗೂ ವಿಷ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ನೇರವಾಗಿ ಪಾದ ಇಡಿಸಬೇಡಿ, ಅದು ಗಟ್ಟಿಯಾಗುವಾಗ ಬಿಸಿಯಾಗಿ ಸುಡುತ್ತದೆ. ಹಿಟ್ಟಿನ ಅಚ್ಚನ್ನು ಮೊದಲು ಎರಡು ದಿನ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ ಒಣಗಿಸಿ. ನೇರ ಏಪ್ರಿಲ್ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ವಾರ್ನಿಶ್ ಬಳಿಯುವುದನ್ನು ಮರೆಯಬೇಡಿ, ಉಪ್ಪು ಮಳೆಗಾಲದಲ್ಲಿ ನೀರು ಎಳೆದುಕೊಂಡು ಮೆತ್ತಗಾಗುತ್ತದೆ.

ಹಾಗೇ ಅದರ ಗುರುಗುಟ್ಟುವಿಕೆಯನ್ನು ಮೊಬೈಲ್‌ನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಫೋಟೋ ಎಲ್ಲರ ಹತ್ತಿರ ಇರುತ್ತದೆ, ದನಿ ಇರುವುದಿಲ್ಲ.

ಪ್ರಶ್ನೆ: ನಮ್ಮ ಎತ್ತು ತೀರಿಕೊಂಡಿತು. ಅದರ ಕೊರಳ ಗಂಟೆ ಇದೆ. ಕಾರಹುಣ್ಣಿಮೆ ಹತ್ತಿರ ಬಂತು. ಅದನ್ನು ಜೋಡಿಯ ಇನ್ನೊಂದು ಎತ್ತಿಗೆ ಕಟ್ಟಬಹುದಾ, ಅಥವಾ ಜಗಲಿ ಮೇಲೆ ಇಟ್ಟುಬಿಡಲಾ?
– ಓದುಗರೊಬ್ಬರು, ಯಾದಗಿರಿ ಜಿಲ್ಲೆ

ಉತ್ತರ: ಕಟ್ಟಿ. ಇಷ್ಟು ವರ್ಷ ಪಕ್ಕದಲ್ಲಿ ಆ ಗಂಟೆ ಕೇಳಿಕೊಂಡೇ ನೊಗ ಎಳೆದ ಎತ್ತು ಅದು. ಹಳೇ ಹಗ್ಗ ಸವೆದಿರುತ್ತದೆ, ಹೊಸದು ಹಾಕಿ. ಆ ಹಗ್ಗದ ತುಂಡನ್ನು ಜಗಲಿ ಮೇಲೆ ಇಟ್ಟುಕೊಳ್ಳಿ.