ಹಲಗೆ ಯಾಕೆ ಅಲೆಅಲೆಯಾಗಿ ಬರುತ್ತದೆ?

ಪ್ರಶ್ನೆ: ತೋಟದ ಸಿಲ್ವರ್ ಓಕ್, ಹಲಸಿನ ದಿಮ್ಮಿ ಸೀಳಲು ಚಿಕ್ಕ ಪೋರ್ಟಬಲ್ ಬ್ಯಾಂಡ್‌ಸಾ ಮಿಲ್ (ಚಕ್ರಗಳ ಮೇಲೆ ಸುತ್ತುವ ಪಟ್ಟಿಯಂಥ ಬ್ಲೇಡಿನಿಂದ ಮರ ಸೀಳುವ ಯಂತ್ರ) ಇಟ್ಟಿದ್ದೇನೆ. ಮೊದಲ ನಾಲ್ಕೈದು ಹಲಗೆ ನೇರ, ಆಮೇಲೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹೊಸ ಬ್ಲೇಡ್ ಹಾಕಿದರೂ ಅದೇ ಕಥೆ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಾಲ್ಕೈದು ಹಲಗೆಗೇ ಹೀಗಾದರೆ ನನ್ನ ಮೊದಲ ಅನುಮಾನ ತೊಗಟೆಯ ಮೇಲೆ. ದಿಮ್ಮಿಯನ್ನು ಕೆಸರಲ್ಲೇ ಎಳೆದು ತರುತ್ತೇವೆ, ಅಲ್ವಾ? ಸಂದಿಯಲ್ಲಿ ಕೂತ ಮರಳು ಹೊಸ ಬ್ಲೇಡಿನ ಮೊನೆಯನ್ನೂ ನಿಮಿಷದಲ್ಲಿ ತಿಂದುಹಾಕುತ್ತದೆ. ತೊಳೆಯಿರಿ, ಇಲ್ಲವೇ ಬ್ಲೇಡ್ ಹೋಗುವ ಜಾಗದ ತೊಗಟೆಯನ್ನು ಕತ್ತಿಯಿಂದ ಕೆತ್ತಿ ತೆಗೆಯಿರಿ. ಉದುರುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ: ತರಿತರಿಯಾಗಿದ್ದರೆ ಬ್ಲೇಡ್ ಚೂಪಾಗಿದೆ, ಹಿಟ್ಟಿನ ಹಾಗೆ ನುಣ್ಣಗಿದ್ದು ಸುಟ್ಟ ವಾಸನೆ ಬಂದರೆ ಅದು ಮರವನ್ನು ಕೊಯ್ಯುತ್ತಿಲ್ಲ, ಸುಮ್ನೆ ಉಜ್ಜುತ್ತಿದೆ, ತಕ್ಷಣ ಬದಲಿಸಿ.

ಹಲಸಿನದು ಇನ್ನೊಂದು ತೊಂದರೆ. ಅದರ ಮೇಣ ಬ್ಲೇಡಿಗೆ ಅಂಟಿ ಬಿಸಿ ಜಾಸ್ತಿಯಾಗುತ್ತದೆ, ಬಿಸಿಗೆ ಬ್ಲೇಡ್ ಹಿಗ್ಗಿ ಬಿಗಿ ಸಡಿಲಾಗುತ್ತದೆ, ಆಗ ಅದು ಗಂಟು ಸಿಕ್ಕ ಕಡೆ ಪಕ್ಕಕ್ಕೆ ಜಾರುತ್ತದೆ. ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿ ಬ್ಲೇಡಿನ ಮೇಲೆ ತೊಟ್ಟಿಕ್ಕಲು ಬಿಡಿ, ನಡುನಡುವೆ ಎಂಜಿನ್ ನಿಲ್ಲಿಸಿ ಬಿಗಿ ನೋಡಿ. ತಳ್ಳುವ ಅವಸರವೂ ಬೇಡ.

ಸಂಜೆ ಬ್ಲೇಡ್ ಒರೆಸಿ ಬಿಗಿ ಪೂರ್ತಿ ಸಡಿಲಿಸಿ. ಬಿಗಿಯಾಗಿಯೇ ಬಿಟ್ಟರೆ ಬ್ಲೇಡ್ ಬೇಗ ಬಿರುಕು ಬಿಡುತ್ತದೆ, ಚಕ್ರದ ಬೆಲ್ಟೂ ಚಪ್ಪಟೆಯಾಗುತ್ತದೆ. ಬ್ಲೇಡ್ ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವಯರ್ ಕಿತ್ತಿಡಿ. ದಪ್ಪ ಕೈಗವಸು ಇಲ್ಲದೆ ದಯವಿಟ್ಟು ಬ್ಲೇಡಿಗೆ ಕೈ ಹಾಕಬೇಡಿ.