ಪುಟ್ಟ ಮಗುವಿಗೆ ಉಚ್ಚೆ, ಕಕ್ಕಕ್ಕೆ ಯಾವ ಪದ ಹೇಳಿಕೊಡಬೇಕು?

ನಿಮ್ಮ ಪ್ರಶ್ನೆ ಇದು: ಮಗುವಿಗೆ ಒಂದೂವರೆ ವರ್ಷ. ಮನೆಯಲ್ಲಿ ಒಬ್ಬರು ‘ಸುಸ್ಸು’ ಅಂತಾರೆ, ಇನ್ನೊಬ್ಬರು ‘ಉಚ್ಚೆ’ ಅಂತಾರೆ, ಮತ್ತೊಬ್ಬರು ‘ಒಂದಕ್ಕೆ’ ಅಂತಾರೆ. ಈ ಮಗುಮಾತೆಲ್ಲ ಬಿಟ್ಟು ಮೊದಲಿನಿಂದಲೇ ‘ಮೂತ್ರ’, ‘ಮಲ’ ಅಂತ ಕಲಿಸಿದರೆ ಒಳ್ಳೆಯದಲ್ಲವೇ?

ಈಗ ‘ಸುಸ್ಸು’, ‘ಕಕ್ಕ’ ಸಾಕು. ‘ಮೂತ್ರ’, ‘ಮಲ’ ಮೂರು ವರ್ಷ ದಾಟಿದ ಮೇಲೆ ಜೊತೆಗೆ ಸೇರಿಸಿ. ಕಾರಣ ಇಷ್ಟೆ: ಈ ಪದ ಮಗುವಿಗೆ ಬೇಕಾಗುವುದು ಅವಸರದಲ್ಲಿ. ಒತ್ತಡ ಗೊತ್ತಾದ ಮೇಲೆ ತಡೆದುಕೊಳ್ಳಲು ಈ ವಯಸ್ಸಿನಲ್ಲಿ ಸಿಗುವ ಹೊತ್ತು ತೀರಾ ಕಡಿಮೆ. ಅಷ್ಟರಲ್ಲಿ ಪದ ಬಾಯಿಂದ ಹೊರಡಬೇಕು, ಪಕ್ಕದಲ್ಲಿರುವವರು ಯಾರೇ ಆಗಿದ್ದರೂ ಅವರಿಗೆ ತಿಳಿಯಬೇಕು. ನೀವು ಆರಿಸುವ ಯಾವ ಪದವನ್ನಾದರೂ ಈ ಎರಡು ಅಳತೆಗೆ ಹಿಡಿದು ನೋಡಿ.

ಮೊದಲು ಬಾಯಿಯ ವಿಷಯ. ಮಕ್ಕಳಿಗೆ ಪ, ಬ, ಮ, ತ, ದ, ನ ಬೇಗ ಬರುತ್ತವೆ. ಕ, ಗ ಸ್ವಲ್ಪ ಆಮೇಲೆ. ಸ, ಶ, ರ, ಳ ಮತ್ತು ‘ತ್ರ’ದಂಥ ಒತ್ತಕ್ಷರ ತಡ, ಎಷ್ಟೋ ಮಕ್ಕಳಿಗೆ ನಾಲ್ಕು ವರ್ಷದ ಹೊತ್ತಿಗೂ ಸ್ಪಷ್ಟವಾಗಿರುವುದಿಲ್ಲ. ಹಾಗಾಗಿ ‘ಮೂತ್ರ’ ಅನ್ನುವುದು ‘ಮೂತ’ ಆಗುತ್ತದೆ, ‘ಉಚ್ಚೆ’ ‘ಉತ್ತೆ’ ಆಗುತ್ತದೆ. ‘ಸುಸ್ಸು’ ಕೂಡ ಕೆಲವು ಮಕ್ಕಳ ಬಾಯಲ್ಲಿ ‘ತುತ್ತು’ ಆಗಿಬಿಡುತ್ತದೆ. ಊಟ ಮಾಡಿಸುತ್ತಿರುವಾಗ ಮಗು ‘ತುತ್ತು, ತುತ್ತು’ ಅಂದರೆ ಎದುರಿಗಿರುವವರು ಇನ್ನೊಂದು ತುತ್ತು ಬಾಯಿಗಿಡುತ್ತಾರೆ. ಅಷ್ಟರಲ್ಲಿ ಚಡ್ಡಿ ಒದ್ದೆ. ಇದಕ್ಕಾಗಿ ಪದ ಬದಲಿಸಬೇಡಿ. ಪದದ ಜೊತೆಗೆ ಒಂದು ಕೈಸನ್ನೆ ಸೇರಿಸಿ: ಹೊಕ್ಕುಳ ಕೆಳಗೆ ಅಂಗೈಯಿಂದ ಎರಡು ಸಲ ತಟ್ಟುವುದು. ಮಾತು ಬರುವ ಮೊದಲೇ ಮಕ್ಕಳು ಸನ್ನೆ ಹಿಡಿಯುತ್ತಾರೆ, ಉಚ್ಚಾರ ತೊದಲಿದರೂ ಸನ್ನೆ ತೊದಲುವುದಿಲ್ಲ. ಮಾತು ತಡವಾಗಿರುವ ಮಗುವಿಗಂತೂ ಇದೇ ಮುಖ್ಯ ದಾರಿ.

ಪದ ನಿಕ್ಕಿ ಮಾಡುವ ಮೊದಲು ಅದು ಮಗುವಿನ ಬಾಯಲ್ಲಿ ಹೇಗೆ ಹೊರಡಬಹುದು ಅಂತ ನೀವೇ ಒಮ್ಮೆ ಜೋರಾಗಿ ಹೇಳಿ ನೋಡಿ. ಮನೆಯಲ್ಲಿ ಯಾರನ್ನಾದರೂ ‘ಕಾಕಾ’ ಅಂತ ಕರೆಯುತ್ತಿದ್ದರೆ, ಕಾಗೆಯನ್ನು ‘ಕಾಕಾ’ ಅಂತ ತೋರಿಸುತ್ತಿದ್ದರೆ ‘ಕಕ್ಕ’ ಅದರೊಂದಿಗೆ ಕಲಸಿಹೋಗುತ್ತದೆ. ಅಂಥ ಮನೆಗೆ ಇಂಗ್ಲಿಷಿನ ‘ಪಾಟಿ’ ಆಗಬಹುದು, ಸ್ಲೇಟಿಗೆ ‘ಪಾಟಿ’ ಅನ್ನುವ ಮನೆಯಾಗಿರದಿದ್ದರೆ. ‘ಪಾಟಿ’ಯಲ್ಲಿ ಇನ್ನೊಂದು ತೊಡಕಿದೆ: ಮಗು ಶೌಚಕ್ಕೆ ಕೂರುವ ಸೀಟಿಗೂ ಅದೇ ಹೆಸರು, ಮಾಡುವುದಕ್ಕೂ ಅದೇ ಹೆಸರು. ಅದನ್ನೇ ಆರಿಸಿದರೆ ಸೀಟನ್ನು ‘ಕುರ್ಚಿ’ ಅಂತಲೋ ‘ಪಾಟಿ ಸೀಟು’ ಅಂತಲೋ ಬೇರೆ ಹೆಸರಲ್ಲಿ ಕರೆಯಿರಿ.

‘ಒಂದಕ್ಕೆ’, ‘ಎರಡಕ್ಕೆ’ ಈ ವಯಸ್ಸಿಗೆ ಬೇಡ. ಎರಡು ವರ್ಷದ ಮಗು ಒಂದು, ಎರಡು, ಮೂರು ಅಂತ ಒಪ್ಪಿಸಬಹುದು, ಆದರೆ ಎಣಿಕೆಯ ಅರ್ಥ ಸರಿಯಾಗಿ ಕೂರುವುದು ಮೂರು ದಾಟಿದ ಮೇಲೆ. ಕೈಗೆ ಎರಡು ಬಿಸ್ಕತ್ತು ಕೊಡುವಾಗಲೂ ‘ಎರಡು’, ಕಕ್ಕಕ್ಕೂ ‘ಎರಡು’ ಅಂದರೆ ಅದು ಏನು ಅಂತ ತಿಳಿದುಕೊಳ್ಳಬೇಕು? ‘ಬಾತ್‌ರೂಮ್ ಬಂತಾ?’ ಅನ್ನುವುದೂ ಹಾಗೇ. ಮಗುವಿಗೆ ಬಾತ್‌ರೂಮ್ ಅಂದರೆ ನೀರಾಟದ ಜಾಗ. ಮೇಲಾಗಿ ಸುಸ್ಸುವೋ ಕಕ್ಕವೋ ಅನ್ನುವುದು ಆ ಮಾತಿನಲ್ಲಿ ಇಲ್ಲ. ಎರಡಕ್ಕೂ ಬೇರೆ ಬೇರೆ ಹೆಸರು ಇರಲೇಬೇಕು, ಯಾಕೆಂದರೆ ನಿಯಂತ್ರಣ ಬರುವ ಕಾಲವೂ ಬೇರೆ, ತೊಂದರೆಗಳೂ ಬೇರೆ. ‘ಹೇಲು’ ಹಳೆಯ, ಅಚ್ಚ ಕನ್ನಡದ ಪದ. ನನಗೆ ಅದರ ಮೇಲೆ ಯಾವ ತಕರಾರೂ ಇಲ್ಲ. ಆದರೆ ಹೊರಗೆ ಹಲವರ ಕಿವಿಗೆ ಅದು ಒರಟು. ಶೌಚಕ್ಕೆ ಹೋಗಬೇಕು ಅಂತ ಕೇಳಿದ್ದಕ್ಕೇ ಮಗು ಗದರಿಸಿಕೊಳ್ಳುವ ಹಾಗಾಗಬಾರದು.

ಒಂದು ಪದವನ್ನು ಮಾತ್ರ ಖಡಾಖಂಡಿತವಾಗಿ ಬಿಡಿ ಅಂತ ಹೇಳುತ್ತೇನೆ: ‘ಛೀಛೀ’. ಮಣ್ಣು ತಿಂದರೆ ‘ಛೀ’, ಎಂಜಲು ಮುಟ್ಟಿದರೆ ‘ಛೀ’, ಕಕ್ಕಕ್ಕೂ ‘ಛೀಛೀ’ ಅಂದಾಗ, ತನ್ನ ಮೈಯಿಂದ ಬಂದದ್ದು ತಪ್ಪು ಕೆಲಸ ಅಂತ ಮಗು ತಿಳಿಯುತ್ತದೆ. ಆಮೇಲೆ ಅದು ಮಾಡುವುದು ಎರಡರಲ್ಲಿ ಒಂದು: ಬಾಗಿಲ ಸಂದಿಗೆ ಹೋಗಿ ಕದ್ದು ಮಾಡುವುದು, ಇಲ್ಲವೇ ತಡೆದುಕೊಳ್ಳುವುದು. ತಡೆದಷ್ಟೂ ದೊಡ್ಡ ಕರುಳು ನೀರು ಹೀರಿಕೊಂಡು ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಬರುವಾಗ ನೋವು, ನೋವಿನ ಹೆದರಿಕೆಗೆ ಮತ್ತೆ ತಡೆಯುವುದು. ಈ ಸುತ್ತು ಒಮ್ಮೆ ಶುರುವಾದರೆ ಬಿಡಿಸಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಲದ ಬಗ್ಗೆ ಅಸಹ್ಯದ ಮಾತು ಆಡಬೇಡಿ, ಡೈಪರಿನಲ್ಲಿ ಮಾಡಿದರೂ ಮೆಚ್ಚಿ ಮಾತಾಡಿ ಅಂತ ಒಂದು ಗುಂಪಿನ ಪೋಷಕರಿಗೆ ಹೇಳಲಾಗಿತ್ತು. ಸೀಟಿನಲ್ಲಿ ಕಕ್ಕ ಮಾಡುವುದಿಲ್ಲ ಅಂತ ಹಟ ಹಿಡಿಯುವ ಮಕ್ಕಳು ಆ ಗುಂಪಿನಲ್ಲೂ ಇದ್ದರು, ಆದರೆ ಅವರ ಹಟ ಬೇಗ ಮುಗಿಯಿತು. ಆದ್ದರಿಂದ ಮನೆಯವರೆಲ್ಲ ಪದದ ಜೊತೆ ಮುಖಭಾವವನ್ನೂ ನೋಡಿಕೊಳ್ಳಬೇಕು. ಬಾಯಲ್ಲಿ ‘ಕಕ್ಕ ಆಯ್ತಾ’ ಅಂದು ಮೂಗು ಮುಚ್ಚಿಕೊಂಡರೆ ಮಗು ಮೂಗನ್ನೇ ನಂಬುತ್ತದೆ.

ಇನ್ನು ಬಹಳ ಜನ ಗಮನಿಸದ ಒಂದು ವಿಷಯ. ನಾವು ‘ಸುಸ್ಸು ಬಂತು’ ಅನ್ನುವುದನ್ನು ಎರಡಕ್ಕೂ ಬಳಸುತ್ತೇವೆ: ಬರುವ ಹಾಗಿದೆ ಅನ್ನುವುದಕ್ಕೂ, ಬಂದು ಹೋಯಿತು ಅನ್ನುವುದಕ್ಕೂ. ದೊಡ್ಡವರಿಗೆ ಸಂದರ್ಭದಿಂದ ಗೊತ್ತಾಗುತ್ತದೆ. ಮಗು ಒದ್ದೆ ಚಡ್ಡಿಯಲ್ಲಿ ನಿಂತು ‘ಸುಸ್ಸು ಬಂತು’ ಅಂದಾಗ ‘ಮೊದಲೇ ಯಾಕೆ ಹೇಳಲಿಲ್ಲ?’ ಅಂತ ಗದರುತ್ತೇವೆ. ಅದರ ಪ್ರಕಾರ ಅದು ಕಲಿತದ್ದನ್ನೇ ಹೇಳಿದೆ. ಹಾಗಾಗಿ ‘ಬಂತು’ ಬಿಟ್ಟು ಮೂರು ಮಾತು ಇಟ್ಟುಕೊಳ್ಳಿ: ‘ಸುಸ್ಸು ಬರ್ತಿದೆ’, ‘ಸುಸ್ಸು ಮಾಡೋಣ’, ‘ಸುಸ್ಸು ಆಯ್ತು’. ಕಕ್ಕಕ್ಕೂ ಇದೇ ಮೂರು. ಸಾಮಾನ್ಯವಾಗಿ ಮಕ್ಕಳು ಮೊದಲು ಆದ ಮೇಲೆ ಹೇಳುತ್ತಾರೆ, ಆಮೇಲೆ ಆಗುತ್ತಿರುವಾಗ, ಕೊನೆಗೆ ಆಗುವ ಮುಂಚೆ. ಆದ ಮೇಲೆ ಹೇಳಿದರೂ ‘ಹೌದು, ಸುಸ್ಸು ಆಯ್ತು, ಹೇಳಿದೆಯಲ್ಲ, ಜಾಣ’ ಅನ್ನಿ. ಆ ಮೆಟ್ಟಿಲಲ್ಲೇ ಬೈದರೆ ಮುಂದಿನ ಮೆಟ್ಟಿಲು ಬರುವುದು ತಡವಾಗುತ್ತದೆ.

ಕಲಿಸಲು ಪಾಠ ಬೇಡ, ಹೊತ್ತು ಮುಖ್ಯ. ಮಗು ಆಟ ನಿಲ್ಲಿಸಿ ಸುಮ್ಮನಾಯಿತು, ಕುಕ್ಕರಗಾಲಲ್ಲಿ ಕೂತಿತು, ಮುಖ ಕೆಂಪಾಯಿತು ಅಂದಾಗ ಆ ಕ್ಷಣವೇ ‘ಕಕ್ಕ ಬರ್ತಿದೆ’ ಅಂತ ಹೇಳಿ, ಸನ್ನೆ ಮಾಡಿ. ಡೈಪರ್ ಬಿಚ್ಚುವಾಗ ‘ಕಕ್ಕ ಆಯ್ತು’. ಹತ್ತು ನಿಮಿಷಕ್ಕೊಮ್ಮೆ ‘ಬರ್ತಿದೆಯಾ?’ ಅಂತ ಕೇಳುತ್ತಿದ್ದರೆ ಮಗು ಯೋಚಿಸದೆ ‘ಇಲ್ಲ’ ಅಂದುಬಿಡುತ್ತದೆ. ಕೇಳುವ ಬದಲು ‘ಹೊರಗೆ ಹೋಗೋ ಮುಂಚೆ ಸುಸ್ಸು ಮಾಡೋಣ’ ಅನ್ನಿ. ಊಟವಾದ 15ರಿಂದ 30 ನಿಮಿಷದಲ್ಲಿ ಕರುಳು ಚುರುಕಾಗಿರುತ್ತದೆ. ಸೀಟಿನ ಅಭ್ಯಾಸ ಶುರುಮಾಡಿದಾಗ ಆಗ ಐದು ನಿಮಿಷ ಕೂರಿಸಿದರೆ ಪದಕ್ಕೂ ಮೈಗೂ ನಂಟು ಬೇಗ ಬೆಳೆಯುತ್ತದೆ. ಮಗುವಿನ ಡೈಪರ್ ಎರಡು ಗಂಟೆ ಒಣಗಿರುತ್ತದೆ, ಚಡ್ಡಿ ಎಳೆದುಕೊಳ್ಳಲು ಬರುತ್ತದೆ ಅಂದರೆ ಆ ಅಭ್ಯಾಸಕ್ಕೆ ಹೊತ್ತು ಬಂದಿದೆ. ಪದಗಳನ್ನು ಮಾತ್ರ ಅದಕ್ಕಿಂತ ತಿಂಗಳುಗಳ ಮೊದಲೇ ಶುರುಮಾಡಿ. ಮಕ್ಕಳಿಗೆ ಹೇಳಲು ಬರುವ ಪದಕ್ಕಿಂತ ಕೇಳಿ ಅರ್ಥವಾಗುವ ಪದ ಯಾವಾಗಲೂ ಹೆಚ್ಚು.

ತೊದಲು ಮಾತನ್ನು ನೀವು ತಿರುಗಿ ತೊದಲಬೇಡಿ. ‘ತುತ್ತು’ ಅಂದರೆ ಕೂಡಲೇ ಎತ್ತಿಕೊಂಡು ಹೋಗುತ್ತಾ ‘ಸುಸ್ಸು ಬರ್ತಿದೆ, ನಡಿ’ ಅನ್ನಿ. ಮೊದಲು ಕೆಲಸ ಆಗಲಿ, ಉಚ್ಚಾರ ತಾನಾಗಿ ತಿದ್ದುಕೊಳ್ಳುತ್ತದೆ.

ಸುಸ್ಸು, ಕಕ್ಕದ ಆಚೆ ಇನ್ನು ಕೆಲವು ಪದ ಬೇಕೇ ಬೇಕು. ಈ ವಯಸ್ಸಿನ ಮಕ್ಕಳಿಗೆ ಹಸಿವು, ಕಕ್ಕದ ಒತ್ತಡ, ವಾಕರಿಕೆ ಎಲ್ಲವೂ ‘ಹೊಟ್ಟೆ ನೋವು’. ಎಲ್ಲಿ ಅಂತ ಕೇಳಿದರೆ ಹೊಕ್ಕುಳು ತೋರಿಸುತ್ತಾರೆ. ‘ವಾಂತಿ’ಯನ್ನು ಬೇರೆಯಾಗಿ ಕಲಿಸಿ, ಜೊತೆಗೆ ಬಾಯಿಯ ಮುಂದೆ ಕೈ ಹಿಡಿಯುವ ಸನ್ನೆ. ‘ಉರಿ’ ಕಲಿಸಿ: ಸುಸ್ಸು ಮಾಡುವಾಗ ಉರಿ ಅಂತ ಮಗು ಹೇಳಿದರೆ ಮೂತ್ರದ ಸೋಂಕಿರಬಹುದು, ವೈದ್ಯರಿಗೆ ತೋರಿಸಬೇಕು. ‘ಗಟ್ಟಿ’ ಕಲಿಸಿ, ವಾರಕ್ಕೆ ಎರಡೇ ಸಲ ಅಥವಾ ಅದಕ್ಕಿಂತ ಕಡಿಮೆ ಕಕ್ಕ ಆಗುತ್ತಿದ್ದರೂ ತೋರಿಸಬೇಕು. ‘ಹೂಸು’ ಅನ್ನುವುದನ್ನು ಮುಚ್ಚಿಡಬೇಡಿ. ಗಾಳಿಗೂ ಕಕ್ಕಕ್ಕೂ ವ್ಯತ್ಯಾಸ ತಿಳಿಯುವುದು ಕಲಿಕೆಯ ದೊಡ್ಡ ಭಾಗ, ‘ಬರೀ ಗಾಳಿ’ ಅಂತ ಹೆಸರಿಟ್ಟರೆ ಅದು ಸುಲಭವಾಗುತ್ತದೆ.

ಅಂಗಗಳ ಹೆಸರಲ್ಲೂ ನಾಚಿಕೆ ಬೇಡ, ‘ಶೇಮ್ ಶೇಮ್’ ಬೇಡವೇ ಬೇಡ. ಎರಡು ವರ್ಷಕ್ಕೆ ‘ಸುಸ್ಸು ಜಾಗ’, ‘ಕಕ್ಕದ ಜಾಗ’ ನಡೆಯುತ್ತದೆ, ಮೂರರ ಹೊತ್ತಿಗೆ ‘ಶಿಶ್ನ’, ‘ಯೋನಿ’ ಅಂತ ನಿಜವಾದ ಹೆಸರು ಹೇಳಿ. ಅಲ್ಲಿ ನೋವಾಯಿತು, ಯಾರೋ ಮುಟ್ಟಿದರು ಅಂತ ಮಗು ಹೇಳಿದರೆ ಕೇಳುವವರಿಗೆ ಅನುಮಾನವಿಲ್ಲದೆ ಅರ್ಥವಾಗಬೇಕು. ಹೆಣ್ಣುಮಗುವಿಗೆ ತೊಳೆಯುವಾಗ ಪ್ರತಿ ಸಲ ‘ಮುಂದಿನಿಂದ ಹಿಂದಕ್ಕೆ’ ಅಂತ ಹೇಳುತ್ತಲೇ ತೊಳೆಯಿರಿ. ಸೋಂಕು ತಪ್ಪಿಸುವ ಕ್ರಮ ಅದು, ಮಾತು ಕಿವಿಗೆ ಬಿದ್ದಿದ್ದರೆ ಮುಂದೆ ತಾನೇ ತೊಳೆಯುವಾಗ ನೆನಪಿರುತ್ತದೆ.

ಮನೆಯಲ್ಲಿ ಮೂರು ಪದ ಓಡಾಡುತ್ತಿದೆ ಅಂತ ಜಗಳ ಬೇಡ. ಮಗು ಈಗಾಗಲೇ ಒಂದನ್ನು ಹಿಡಿದಿದ್ದರೆ ಅದೇ ಗೆದ್ದಿತು, ಉಳಿದವರು ಅದಕ್ಕೆ ಬರಲಿ. ಎರಡು ಭಾಷೆಯ ಮನೆಯಾದರೆ ಭಾಷೆಗೊಂದು ಪದ ಇರಲಿ, ಸನ್ನೆ ಮಾತ್ರ ಒಂದೇ ಇರಲಿ. ಮಗುವನ್ನು ಬೇರೆಯವರ ಹತ್ತಿರ ಬಿಡುವಾಗ ಒಂದು ಚೀಟಿ ಬರೆದುಕೊಡಿ: ‘ತುತ್ತು ಅಂದರೆ ಸುಸ್ಸು. ಕಾಲು ಜೋಡಿಸಿ ನಿಂತರೆ ತಕ್ಷಣ ಕರೆದುಕೊಂಡು ಹೋಗಿ. ಕಕ್ಕ ಬಂದರೆ ಮೂಲೆಗೆ ಹೋಗುತ್ತಾಳೆ, ಮಾತಾಡುವುದಿಲ್ಲ.’ ಮಗುವಿನ ಪದ, ಸನ್ನೆ ಅಥವಾ ಸೀಟು ಬದಲಾದಾಗಲೆಲ್ಲ ಚೀಟಿಯನ್ನೂ ಹೊಸದಾಗಿ ಬರೆಯಿರಿ.